ರಸ್ತೆಯ ತಪ್ಪು ಆಕಾಶದವರೆಗೂ ಹಿಂಬಾಲಿಸೀತೇ?

ವೇಗದ ಮಿತಿ ಮೀರಿ ಪೊಲೀಸರಿಗೆ ದಂಡ ತೆತ್ತವನಿಗೆ ಮುಂದೆ ವಿಮಾನದ ಪೈಲಟ್ ಆಗಲು ಅಡ್ಡಿ ಉಂಟೇ? ಹೀಗೆ ಕೇಳಿದರೆ ನಮ್ಮಲ್ಲಿ ಅನೇಕರು ನಕ್ಕಾರು. ಆದರೆ ಅಮೇರಿಕದಲ್ಲಿ ಇದು ನಗುವ ಮಾತಲ್ಲ. ಅಲ್ಲಿ ವಿಮಾನ ಕಂಪೆನಿಯ ಕೆಲಸಕ್ಕೆ ಅರ್ಜಿ ಹಾಕುವವರು ಹಾರಾಟದ ಗಂಟೆಗಳ ಲೆಕ್ಕದೊಡನೆ ತಮ್ಮ ಕಾರು ಚಾಲನೆಯ ಚರಿತ್ರೆಯನ್ನೂ ಪರಿಶೀಲನೆಗೆ ಒಡ್ಡಬೇಕಾಗುತ್ತದೆ. ವಿಮಾನ ಚಾಲನೆ ಕಲಿಯಲೆಂದು ನಮ್ಮ ದೇಶದಿಂದ ಅಲ್ಲಿಗೆ ಹೋಗುವ ಮಕ್ಕಳೂ ಇರುವುದರಿಂದ ಈ ವಿಷಯವನ್ನು ತುಸು ವಿವರವಾಗಿ ತಿಳಿದಿರುವುದು ಒಳ್ಳೆಯದು.

ಕಾನೂನು ಬಂದ ಬಗೆ

1994ರ ಡಿಸೆಂಬರ್ 13ರಂದು ಉತ್ತರ ಕೆರೊಲಿನಾ ರಾಜ್ಯದ ರಾಲಿ-ಡರ್ಹಮ್ ವಿಮಾನ ನಿಲ್ದಾಣದ ಸಮೀಪ ಸಣ್ಣದೊಂದು ಪ್ರಯಾಣಿಕ ವಿಮಾನ ಬಿದ್ದು, ಅದರಲ್ಲಿದ್ದ 20 ಮಂದಿಯಲ್ಲಿ 15 ಮಂದಿ ಮಡಿದರು. ಅದರ ಕ್ಯಾಪ್ಟನ್ ಹಿಂದೆ ದುಡಿದ ಕಂಪೆನಿಯಲ್ಲಿ ಅವನ ಚಾಲನೆಯ ಬಗ್ಗೆ ಅತೃಪ್ತಿ ಇತ್ತು. ಹೊಸ ಕಂಪೆನಿ ಆ ದಾಖಲೆಯನ್ನು ತರಿಸಿ ನೋಡಿರಲಿಲ್ಲ. ಇಂತಹ ದುರಂತಗಳ ಫಲವಾಗಿ 1996ರಲ್ಲಿ ಅಲ್ಲಿನ ಸಂಸತ್ತು ಹೊಸ ಕಾನೂನು ಮಾಡಿತು. ಅದರಂತೆ ಪೈಲಟನ್ನು ನೇಮಿಸುವ ಮೊದಲು ಕಂಪೆನಿಯು ಅವನ ಹಿಂದಿನ ಐದು ವರ್ಷಗಳ ಉದ್ಯೋಗದ ದಾಖಲೆಗಳನ್ನಲ್ಲದೆ ರಾಷ್ಟ್ರೀಯ ಚಾಲಕರ ಪಟ್ಟಿಯನ್ನೂ ಪರಿಶೀಲಿಸಬೇಕಾಯಿತು. ಕಾರಿನ ತಪ್ಪು ವಿಮಾನದ ಕಡತವನ್ನು ಸೇರಿದ್ದು ಹೀಗೆ.

2009ರ ಫೆಬ್ರವರಿ 12ರಂದು ಬಫಲೋ ನಗರದ ಬಳಿ ಇನ್ನೊಂದು ವಿಮಾನ ಬಿದ್ದು 50 ಮಂದಿ ಸತ್ತರು. ಅದರ ಕ್ಯಾಪ್ಟನ್ ಹಲವು ಪರೀಕ್ಷೆಗಳಲ್ಲಿ ನಪಾಸಾಗಿದ್ದ. ಅವೆಲ್ಲವನ್ನೂ ಕಂಪೆನಿಗೆ ತಿಳಿಸಿರಲಿಲ್ಲ. ಬಳಿಕ 2010ರ ಕಾನೂನು ಪೈಲಟರ ದಾಖಲೆಗಳನ್ನೆಲ್ಲ ಒಂದೇ ಕಡೆ ಇಡುವ ಕಂಪ್ಯೂಟರ್ ಭಂಡಾರವನ್ನು ವಿಧಿಸಿತು. 2024ರ ಸೆಪ್ಟೆಂಬರಿನಲ್ಲಿ ಹಳೆಯ ಕ್ರಮ ಮುಗಿದು ಈ ಭಂಡಾರವೇ ಅದರ ಸ್ಥಾನವನ್ನು ಪೂರ್ತಿಯಾಗಿ ಪಡೆಯಿತು. ಚಾಲಕರ ಪಟ್ಟಿಯನ್ನು ನೋಡುವ ನಿಯಮ ಮಾತ್ರ ಹಾಗೆಯೇ ಉಳಿದಿದೆ.

ಯಾವ ತಪ್ಪಿಗೆ ಎಷ್ಟು ತೂಕ?

ಎಲ್ಲ ತಪ್ಪುಗಳೂ ಸಮಾನವಲ್ಲ. ವಾಹನವನ್ನು ನಿಷೇಧವಿದ್ದಲ್ಲಿ ನಿಲ್ಲಿಸಿದುದಕ್ಕೆ ತೆತ್ತ ದಂಡ ರಾಷ್ಟ್ರೀಯ ಪಟ್ಟಿಯಲ್ಲಿ ಇರುವುದಿಲ್ಲ. ಲೈಸನ್ಸು ಅಮಾನತಾದವರು, ರದ್ದಾದವರು, ಕುಡಿದು ವಾಹನ ನಡೆಸುವಂತಹ ಗುರುತರ ಅಪರಾಧಕ್ಕೆ ಶಿಕ್ಷೆಯಾದವರು ಅದರಲ್ಲಿರುತ್ತಾರೆ. ಆದರೆ ಸಣ್ಣ ದಂಡಗಳನ್ನೂ ತಿಳಿಸಬೇಕೆಂದು ತಮ್ಮ ಅರ್ಜಿಯಲ್ಲೇ ಕೇಳುವ ಕಂಪೆನಿಗಳಿವೆ. ವೇಗದ ಒಂದೆರಡು ದಂಡಗಳಿಂದ ಕೆಲಸ ತಪ್ಪುವುದು ಅಪರೂಪ. ವರ್ಷಕ್ಕೆ ಮೂರು ನಾಲ್ಕರಂತೆ ಸಾಲು ಹಿಡಿದರೆ ಮಾತ್ರ, ಈತ ಎಚ್ಚರಿಕೆಗೆ ಕಿವಿಗೊಡುವವನಲ್ಲ ಎಂಬ ಸಂಶಯ ಸಂದರ್ಶನ ನಡೆಸುವವರಿಗೆ ಬರುತ್ತದೆ.

ಮದ್ಯದ ವಿಷಯದಲ್ಲಿ ನಿಯಮ ಬಹಳ ಬಿಗಿ. ಕುಡಿದು ವಾಹನ ನಡೆಸಿ ಶಿಕ್ಷೆಗೊಳಗಾದ, ಇಲ್ಲವೆ ಅದೇ ಕಾರಣಕ್ಕೆ ಲೈಸನ್ಸು ಅಮಾನತಾದ ಪೈಲಟ್, ಅಲ್ಲಿನ ವಿಮಾನಯಾನ ಆಡಳಿತಕ್ಕೆ 60 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ವೈದ್ಯಕೀಯ ಪರೀಕ್ಷೆಯ ನಮೂನೆಯಲ್ಲೂ ಪ್ರತ್ಯೇಕವಾಗಿ ಬರೆಯಬೇಕು. ಒಂದು ಕಡೆ ತಿಳಿಸಿದರೆ ಇನ್ನೊಂದು ಕಡೆಯದು ತೀರಿತೆಂದಲ್ಲ. ಮೂರು ವರ್ಷಗಳೊಳಗೆ ಇಂತಹ ಎರಡು ಪ್ರಕರಣಗಳಾದರೆ ಪೈಲಟ್ ಲೈಸನ್ಸಿಗೇ ಸಂಚಕಾರ ಬರಬಹುದು.

ಮುಚ್ಚಿಟ್ಟವನಿಗೇ ಹೆಚ್ಚಿನ ಕಷ್ಟ

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ತಪ್ಪನ್ನು ಒಪ್ಪಿಕೊಂಡು, ಇಂತಹ ದಿನ ಇಂತಹ ಕಡೆ ನಡೆಯಿತು, ದಂಡ ಕಟ್ಟಿದ್ದೇನೆ, ಮತ್ತೆ ಮಾಡಿಲ್ಲ ಎಂದು ರಶೀದಿ ಸಮೇತ ಹೇಳುವವನಿಗೆ ಬಾಗಿಲು ಮುಚ್ಚುವುದು ಕಡಿಮೆ. ಮುಚ್ಚಿಟ್ಟು ಸಿಕ್ಕಿಬಿದ್ದವನ ಮೇಲೆ ಕಂಪೆನಿಗೆ ಮತ್ತೆ ನಂಬಿಕೆ ಹುಟ್ಟುವುದಿಲ್ಲ. ವೈದ್ಯಕೀಯ ನಮೂನೆಯಲ್ಲಿ ಬೇಕೆಂದೇ ಸುಳ್ಳು ಬರೆದರೆ ಇದ್ದ ಲೈಸನ್ಸುಗಳೆಲ್ಲವೂ ರದ್ದಾಗಬಹುದು. ದಂಡ ಸಣ್ಣದಿರಬಹುದು, ಸುಳ್ಳು ಸಣ್ಣದಲ್ಲ. ವಿಮಾನದಲ್ಲಿ ಕಂಡ ದೋಷವನ್ನು ಇದ್ದಂತೆ ವರದಿ ಮಾಡುವವನೇ ಪೈಲಟನಾಗಬೇಕು ಎಂಬುದು ಇದರ ಹಿಂದಿರುವ ತರ್ಕ.

ಎಚ್ಚರಿಕೆಗೆ ಕಿವಿಗೊಡುವುದು ಎಷ್ಟು ದೊಡ್ಡ ಗುಣವೆಂದು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗುರುಳಿ 158 ಮಂದಿ ಮಡಿದಾಗ, ಅವರಲ್ಲಿ ಕಾಸರಗೋಡಿನವರು ಅನೇಕರಿದ್ದರು. ಕ್ಯಾಪ್ಟನ್ ಅನುಭವಿಯೇ ಆಗಿದ್ದ. ಆದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಅದು ನಡೆಯಲಿಲ್ಲವೆಂದು ತನಿಖೆಯಿಂದ ತಿಳಿದುಬಂತು. ಅದಕ್ಕೂ ರಸ್ತೆಯ ದಂಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ಕಂಪೆನಿಗಳು ದಂಡದ ಚೀಟಿಯಲ್ಲಿ ಹುಡುಕುವುದು ಈ ಗುಣವನ್ನೇ.

ನಮ್ಮ ಮಕ್ಕಳಿಗೆ

ಇಲ್ಲಿಯ ಪೆಟ್ಟಿ ಕೇಸು ಅಮೇರಿಕದ ಆ ಪಟ್ಟಿಗೆ ಹೋಗುವುದಿಲ್ಲ. ಹಾಗೆಂದು ಹೆತ್ತವರು ನಿಶ್ಚಿಂತರಾಗಿರುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾನೂನಿನಂತೆ, ಪ್ರಾಯ ತುಂಬದ ಹುಡುಗ ವಾಹನ ಓಡಿಸಿ ಅಪರಾಧವೆಸಗಿದರೆ ತಂದೆತಾಯಿಗೆ ಅಥವಾ ವಾಹನದ ಮಾಲಿಕನಿಗೆ 3 ವರ್ಷದವರೆಗೆ ಸಜೆ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸು ಸಿಗುವುದಿಲ್ಲ. ಪ್ಲಸ್ ಟು ಮುಗಿಸಿ ಕೆಲಸ ಹುಡುಕುವ ಪ್ರಾಯವೆಲ್ಲ ಅದರಲ್ಲೇ ಕಳೆದುಹೋಗುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಎಲ್ಲರಿಗೂ ಗೊತ್ತು. ಪೈಲಟ್ ಆಗುವೆನೆಂದು ಕನಸು ಕಾಣುವ ಹುಡುಗ ಹುಡುಗಿಯರು ಹೈಸ್ಕೂಲಿನಲ್ಲಿ ಗಣಿತ, ಭೌತಶಾಸ್ತ್ರಗಳ ಜತೆಗೆ ಹೆಲ್ಮೆಟ್ ಧರಿಸುವುದನ್ನೂ ಕೆಂಪು ದೀಪಕ್ಕೆ ನಿಲ್ಲುವುದನ್ನೂ ಕಲಿಯಲಿ. ಲೈಸನ್ಸಿಲ್ಲದ ಮಗ ಸ್ಕೂಟರಿನ ಕೀಲಿಕೈ ಕೇಳಿದಾಗ ಇಲ್ಲವೆನ್ನುವುದು ಹೆತ್ತವರ ಪಾಲಿನ ಕೆಲಸ.