ನಡುವೆ ನಿಲ್ಲುತ್ತಿದ್ದವರು

1975ರ ಆಗಸ್ಟ್ 1ರಂದು ಆಗಿನ ಗುಲ್ಬರ್ಗ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಟಿವಿ ಬಂತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರಲು ಇನ್ನೂ ಆರು ವರ್ಷ ಬಾಕಿ ಇತ್ತು. ಆ ಹಳ್ಳಿಗಳಲ್ಲಿ ಕೆಲವಕ್ಕೆ ಕರೆಂಟೇ ಇರಲಿಲ್ಲ, ಟಿವಿ ಬ್ಯಾಟರಿಯ ಮೇಲೆ ನಡೆಯಬೇಕಿತ್ತು. ಚಿತ್ರ ಮಾತ್ರ ನೇರ ಆಕಾಶದಿಂದ ಇಳಿಯುತ್ತಿತ್ತು. ‘ಸೈಟ್’ ಎಂಬ ಆ ಪ್ರಯೋಗಕ್ಕಾಗಿ ಅಮೆರಿಕದ ನಾಸಾದಿಂದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆಯಲಾಗಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿ ಜಾಲರಿಯ ಡಿಶ್ ಎದ್ದು ನಿಂತಿತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ.

ವಿಜ್ಞಾನದ ಇತಿಹಾಸ ಬರೆಯುವವರು ಉಪಗ್ರಹದ ಬಗ್ಗೆ ಬರೆಯುತ್ತಾರೆ. ನನಗೆ ಮುಖ್ಯವೆನಿಸುವುದು ಆ ಪೆಟ್ಟಿಗೆ ಇದ್ದ ಜಾಗ. ಊರಿಗೆ ಒಂದೇ ಟಿವಿ. ಅದು ಯಾರ ಮನೆಗೂ ಸೇರಿದ್ದಲ್ಲ. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇರುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬರು, ಬಹಳ ಕಡೆ ಶಾಲೆಯ ಮಾಸ್ತರು. ಗೊಬ್ಬರದ ಬಗ್ಗೆಯೋ ಬಾಣಂತಿಯ ಆರೈಕೆಯ ಬಗ್ಗೆಯೋ ಏನಾದರೂ ಬಂದರೆ ಅಲ್ಲೇ ಕುಳಿತವರ ನಡುವೆ ಮಾತು ಏಳುತ್ತಿತ್ತು, ಅರ್ಥವಾಗದ್ದನ್ನು ಮಾಸ್ತರು ಬಿಡಿಸಿ ಹೇಳಬೇಕಾಗುತ್ತಿತ್ತು. ಆ ಕಾಲದ ಅತ್ಯಂತ ಮುಂದುವರಿದ ಯಂತ್ರ ನಮ್ಮ ಹಳ್ಳಿಗೆ ಬಂದಾಗಲೂ ಅದರ ಮತ್ತು ಜನರ ನಡುವೆ ಒಬ್ಬ ಮನುಷ್ಯ ನಿಂತಿದ್ದ. 1976ರ ಜುಲೈ ಕೊನೆಗೆ ಉಪಗ್ರಹ ಹೋಯಿತು. ಮರುವರ್ಷ, 1977ರಲ್ಲಿ, ಕಲಬುರಗಿಯಲ್ಲೇ ದೂರದರ್ಶನ ಕೇಂದ್ರ ಶುರುವಾಯಿತು. ಅದು ರಾಜ್ಯಕ್ಕೇ ಮೊದಲನೆಯದು.

ಮುಂದೆ ಬರಲಿರುವ ಯಂತ್ರಗಳು ಮನುಷ್ಯರನ್ನು ಹತ್ತಿರ ತರುತ್ತವೋ ದೂರ ಮಾಡುತ್ತವೋ ಎಂಬ ಚರ್ಚೆ ಈಗ ಎಲ್ಲೆಲ್ಲೂ ಇದೆ. ಆ ಚರ್ಚೆಯಲ್ಲಿ ಸಾಮಾನ್ಯವಾಗಿ ಇಬ್ಬರು ಮಾತ್ರ ಇರುತ್ತಾರೆ: ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. ನಡುವೆ ನಿಂತ ಮೂರನೆಯವರ ಮಾತು ಬರುವುದಿಲ್ಲ. ನಮ್ಮ ಭಾಗದಲ್ಲಿ ಸಂಬಂಧಗಳನ್ನು ಹಿಡಿದಿಟ್ಟದ್ದು ಬಹುಪಾಲು ಅವರೇ.

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಮಹಾಗಾಂವ ದಾಟಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು, ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಈಗ ತಾಲ್ಲೂಕು ಕೇಂದ್ರ. ಸುತ್ತ ಲಂಬಾಣಿ ತಾಂಡಾಗಳು. ಮಳೆ ಕೈಕೊಟ್ಟ ವರ್ಷ, ತೊಗರಿ ನೆಟೆ ಹೋದ ವರ್ಷ ಇಲ್ಲಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ತಲೆಮಾರುಗಳಿಂದ ನಡೆದು ಬಂದದ್ದು. ಗಂಡ ಹೆಂಡತಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮುತ್ಯಾ-ಆಯಿ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ದೂರವೆಂಬುದು ಇಲ್ಲಿಯವರಿಗೆ ಹೊಸದಾಗಿ ಬಂದ ಸಮಸ್ಯೆಯಲ್ಲ.

ಹಿಂದೆ ಮಗನಿಂದ ಕಾಗದ ಬರುತ್ತಿತ್ತು. ಓದಲು ಬಾರದ ತಾಯಿ ಅದನ್ನು ಸೆರಗಿನಲ್ಲಿಟ್ಟುಕೊಂಡು ಓದಬಲ್ಲವರ ಮನೆಗೆ ಹೋಗುತ್ತಿದ್ದಳು. ಅವರು ಒಮ್ಮೆ ಓದಿ, ಆಕೆ ಕೇಳಿದರೆ ಇನ್ನೊಮ್ಮೆ ಓದಿ, ಕೆಟ್ಟ ಸುದ್ದಿಯಿದ್ದರೆ ನೀರು ಕುಡಿಸಿ ಆಮೇಲೆ ಹೇಳುತ್ತಿದ್ದರು. ಉತ್ತರವನ್ನೂ ಅವರೇ ಬರೆದುಕೊಡಬೇಕು. ಮನಿಯಾರ್ಡರ್ ತಂದ ಅಂಚೆಯವನು ಹಣ ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ಜೊತೆಗಿದ್ದ ನಾಲ್ಕು ಸಾಲು ಓದಿ ಹೇಳುತ್ತಿದ್ದ. 1984ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಸ್ಥಾಪನೆಯಾಗಿ, ಅದರ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತು. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು. ಕರೆ ಬಂದರೆ ಬೂತಿನವನು ಹುಡುಗನನ್ನು ಓಡಿಸುತ್ತಿದ್ದ: ‘ನಿಮ್ಮ ಮಗ ಫೋನ್ ಹಚ್ಯಾನ, ಲಗೂನ ಬರ್ರಿ.’ ಆಕೆ ಬರುವಷ್ಟರಲ್ಲಿ ಮಗನ ಸುದ್ದಿ ಅರ್ಧ ಓಣಿಗೆ ಗೊತ್ತಾಗಿರುತ್ತಿತ್ತು.

ಇದನ್ನು ಬರೀ ಹಳೆಯ ಕಾಲದ ಸೊಗಸು ಎಂದು ಹೊಗಳಲು ನಾನು ಸಿದ್ಧನಿಲ್ಲ. ಅತ್ತೆಯ ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದ ಹೆಣ್ಣುಮಗಳು ತವರಿಗೆ ಬರೆಸುವ ಕಾಗದದಲ್ಲಿ ಆ ಮಾತು ಹೇಗೆ ಬರೆಸಿಯಾಳು? ಬರೆದುಕೊಡುವವನು ಅದೇ ಓಣಿಯವನು, ಮಾವನ ಗೆಳೆಯ. ಬೂತಿನ ಗಾಜಿನ ಹಿಂದೆ ನಿಂತು ಅತ್ತರೆ ಹೊರಗೆ ನಿಂತವರಿಗೆ ಕಾಣುತ್ತದೆ. ಕಾಗದ ಓದಿಸಿಕೊಳ್ಳಲು ಎಲ್ಲ ಕೇರಿಯವರೂ ಎಲ್ಲ ಮನೆಯ ಕಟ್ಟೆ ಹತ್ತುವಂತಿರಲಿಲ್ಲ ಎಂಬುದೂ ನಮಗೆ ಗೊತ್ತಿದೆ. ಕೈಯಲ್ಲಿ ಒಂದು ಮೊಬೈಲ್ ಬಂದದ್ದು ಆ ಹೆಣ್ಣುಮಗಳಿಗೆ ಬಿಡುಗಡೆಯೇ. ಓದು ಬಾರದವರಿಗೂ ಧ್ವನಿ ಸಂದೇಶ ಕಳಿಸಲು ಬರುತ್ತದೆ. ಸಂಜೆಯ ಹೊತ್ತು ತಾಂಡಾಗಳಲ್ಲಿ ನಿಂತರೆ, ಪುಣೆಯ ಯಾವುದೋ ಶೆಡ್ಡಿನಲ್ಲಿ ಅಡುಗೆ ಮಾಡುತ್ತಿರುವ ಸೊಸೆ ವಿಡಿಯೊ ಕಾಲಿನಲ್ಲಿ ಮಗುವಿಗೆ ಲಂಬಾಣಿಗರ ಗೋರ ಬೋಲಿಯಲ್ಲಿ ಊಟ ಆಯಿತೇ ಎಂದು ಕೇಳುವುದು ಕಿವಿಗೆ ಬೀಳುತ್ತದೆ. ಅದನ್ನು ಕೃತಕ ಸಂಬಂಧ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಫೋನಿನ ಈ ಬೆಲೆ ಕಲಬುರಗಿಗೆ ದೇಶದ ಬೇರೆ ಊರುಗಳಿಗಿಂತ ಮೊದಲು ತಿಳಿಯಿತು. ದೇಶದ ಮೊದಲ ಕೋವಿಡ್ ಸಾವು ಈ ನಗರದ 76 ವರ್ಷದ ಹಿರಿಯರದು, 2020ರ ಮಾರ್ಚ್ 10ರಂದು. ಮುಂದಿನ ತಿಂಗಳುಗಳಲ್ಲಿ ಸಾವಿನ ಮನೆಗೆ ಹೋಗಿ ಕೂರುವುದು, ಹೆಗಲು ಕೊಡುವುದು ಎಲ್ಲ ನಿಂತುಹೋಯಿತು. ಫೋನೊಂದೇ ಉಳಿಯಿತು. ಅದು ಇಲ್ಲದಿದ್ದರೆ ಆ ದಿನಗಳನ್ನು ದಾಟುವುದು ಇನ್ನೂ ಕಠಿಣವಾಗುತ್ತಿತ್ತು. ಫೋನಿನಲ್ಲಿ ಮಾತಾಡಿಸಿದರೆ ಸಾಲದು, ಮಗ್ಗುಲಲ್ಲಿ ಕೂರಲು ಒಬ್ಬರು ಬೇಕು ಎಂಬುದೂ ಆಗಲೇ ಮನದಟ್ಟಾಯಿತು.

ಈಗ ಬರಲಿರುವುದಕ್ಕೆ ಬರೋಣ. ಯಂತ್ರದ ಜೊತೆ ಮಾತಾಡುವ ಕನಸು ಹೊಸದಲ್ಲ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ ‘ಎಲೈಝಾ’ ಎಂಬ ಪುಟ್ಟ ಪ್ರೋಗ್ರಾಮಿನ ವಿವರ ಪ್ರಕಟಿಸಿದ. ನಾವು ಬೆರಳಚ್ಚಿಸಿದ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅದು ಹೇಗೆ ತಯಾರಾಯಿತೆಂದು ಬಲ್ಲ ಅವನ ಸ್ವಂತ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗಿಳಿದು, ಸ್ವಲ್ಪ ಹೊರಗೆ ಹೋಗಿರಿ ಎಂದು ಅವನನ್ನು ಕೇಳಿಕೊಂಡಳಂತೆ. ವೈಝೆನ್‌ಬಾಮ್ ಅದರಿಂದ ಎಷ್ಟು ಕಳವಳಗೊಂಡನೆಂದರೆ, ಮುಂದೆ ಇಂಥ ಯಂತ್ರಗಳ ಕಟು ವಿಮರ್ಶಕನಾದ. ಅದೇ 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಶುರುವಾಗಿತ್ತು. ಅಲ್ಲಿ ಮಾತಾಡುತ್ತಿದ್ದವರು ಮನುಷ್ಯರು, ಕೇಳುಗರ ಕಾಗದಗಳನ್ನು ಹೆಸರು-ಊರು ಸಮೇತ ಓದುತ್ತಿದ್ದವರು.

ಇಂದಿನ ಯಂತ್ರ ಎಲೈಝಾಕ್ಕಿಂತ ಬಹಳ ಮುಂದೆ ಹೋಗಿದೆ, ಕನ್ನಡವನ್ನೂ ಕಲಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಜನರ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಗುರಿ ಇಟ್ಟುಕೊಂಡಿದೆ. ಕಲಬುರಗಿ ಜಿಲ್ಲೆಯ ಮಾತೂ ಅದರಲ್ಲಿದೆ. ಪುಸ್ತಕದ ಕನ್ನಡ ಮಾತ್ರ ತಿಳಿಯುವ ಯಂತ್ರದ ಕಾಲ ಮುಗಿಯುತ್ತಾ ಬಂದಿದೆ. ನಾಳೆ ಅದು ‘ಉಂಡಿಯೇನ್ ಯವ್ವಾ? ಗುಳಗಿ ತಗೊಂಡಿ?’ ಎಂದು ನಮ್ಮ ದನಿಯಲ್ಲೇ ಕೇಳೀತು.

ಅದರಿಂದ ಆಗುವ ಉಪಕಾರ ದೊಡ್ಡದು. ಪಿಂಚಣಿ ನಿಂತರೆ ಯಾಕೆ ನಿಂತಿತು, ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಎಲ್ಲಿ ಅರ್ಜಿ ಕೊಡಬೇಕು ಎಂದು ಆಯಿಯೇ ಬಾಯಿಬಿಟ್ಟು ಕೇಳಬಹುದು. ಇಂದು ಗ್ರಾಮ ಒನ್ ಕೇಂದ್ರದ ಮುಂದೆ ಸಾಲು ನಿಂತು, ದಲ್ಲಾಳಿಗೆ ಕಾಸು ಕೊಟ್ಟು, ಅಧಿಕಾರಿಯಿಂದ ಗದರಿಸಿಕೊಂಡು ಮಾಡಿಸುವ ಕೆಲಸ ಮನೆಯಲ್ಲೇ ಆದೀತು. ಅದನ್ನು ಬೇಡವೆನ್ನಲು ನಮಗೆ ಮನಸ್ಸು ಬರಬಾರದು.

ಆದರೆ ಅದೇ ಯಂತ್ರ, ನಮ್ಮ ಬದುಕಿನಲ್ಲಿ ಉಳಿದಿದ್ದ ಕೊನೆಯ ನಡುವಿನವರನ್ನೂ ಪಕ್ಕಕ್ಕೆ ಸರಿಸುತ್ತದೆ. ಇಂದು ಆಯಿಗೆ ಫೋನ್ ಹಚ್ಚಿಕೊಡುವುದು ಮೊಮ್ಮಗಳು. ಸಂದೇಶ ಬಂದರೆ ಓದಿ ಹೇಳುವುದು, ಪಿನ್ ಒತ್ತುವುದು ಅವಳೇ. ಆ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಆಯಿಯ ಪಕ್ಕ ಕೂರುತ್ತಾಳೆ, ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಯಂತ್ರವೇ ಎಲ್ಲ ಮಾಡಿಕೊಟ್ಟ ದಿನ ಆ ನೆಪ ಹೋಗುತ್ತದೆ. ನೆಪವಿಲ್ಲದೆಯೂ ಬಂದು ಕೂರುವಷ್ಟು ಪ್ರೀತಿ ಎಲ್ಲ ಮನೆಯಲ್ಲೂ ಇರುತ್ತದೆಂದು ನಾನು ನಂಬಬಯಸುತ್ತೇನೆ. ಆದರೆ ಮನುಷ್ಯರ ಒಡನಾಟದ ಬಹುಪಾಲು ನಡೆದು ಬಂದಿರುವುದು ಒಬ್ಬರಿಗೊಬ್ಬರು ಬೇಕಾಗುವುದರಿಂದ. ಕಾಗದ ಓದಿಕೊಟ್ಟವರ ಮನೆಗೆ ಸುಗ್ಗಿಯಲ್ಲಿ ಒಂದು ಸೇರು ಜೋಳ ಹೋಗುತ್ತಿತ್ತು, ಅವರ ಮನೆಯ ಲಗ್ನಕ್ಕೆ ಓದಿಸಿಕೊಂಡಾಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಯಂತ್ರಕ್ಕೆ ನಮ್ಮಿಂದ ಏನೂ ಬೇಕಿಲ್ಲ. ಅದು ಎಷ್ಟು ಅಕ್ಕರೆಯಿಂದ ಮಾತಾಡಿದರೂ, ಅದಕ್ಕಾಗಿ ಒಂದು ರೊಟ್ಟಿ ಹೆಚ್ಚಿಗೆ ಬಡಿಯುವ ಸಂದರ್ಭ ಆಯಿಗೆ ಬರುವುದೇ ಇಲ್ಲ. ಮುಪ್ಪಿನಲ್ಲಿ ಮನುಷ್ಯನಿಗೆ ಕೊಡಲು ಏನೂ ಇಲ್ಲವೆಂದಾಗುವುದಕ್ಕಿಂತ ದೊಡ್ಡ ಒಂಟಿತನ ಇಲ್ಲ ಎಂಬುದು ನನ್ನ ನಂಬಿಕೆ. ಲೋಕದಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ಬ್ರಿಟನ್ 2018ರಲ್ಲೂ ಜಪಾನ್ 2021ರಲ್ಲೂ ಒಂಟಿತನದ ಹೊಣೆಯನ್ನು ಮಂತ್ರಿಗಳಿಗೆ ವಹಿಸಿದವು. ಎಲ್ಲ ಸೌಕರ್ಯವೂ ಇರುವ ದೇಶಗಳು ಅವು.

ಇನ್ನೊಂದು ಅಪಾಯ ಆಗಲೇ ಬಾಗಿಲಿಗೆ ಬಂದಿದೆ. ಮುಖ ಕಾಣದಿದ್ದರೂ ದನಿ ಕೇಳಿ ಇವನು ನನ್ನ ಮಗ ಎಂದು ಗುರುತಿಸುವುದು ತಾಯಂದಿರಿಗೆ ಸಹಜವಾಗಿ ಬಂದ ಶಕ್ತಿ. ಕೆಲವೇ ಕ್ಷಣಗಳ ಧ್ವನಿಮುದ್ರಣ ಸಿಕ್ಕರೆ ಆ ದನಿಯನ್ನು ನಕಲು ಮಾಡುವ ತಂತ್ರಾಂಶಗಳು ಬಂದಿವೆ. ‘ಅಪಘಾತ ಆಗ್ಯಾದ, ರೊಕ್ಕ ಕಳಸು’ ಎಂದು ಮಗನ ದನಿಯಲ್ಲೇ ಕರೆ ಬಂದರೆ ಯಾವ ತಾಯಿ ತಡೆದಾಳು? ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ಬಂಧಿಸಿದ್ದೇವೆಂದು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬ ಮೋಸವೂ ಇದೇ ಜಾತಿಯದು. ವಿಜಯಪುರದ ಒಬ್ಬರಿಗೆ ಬಂದ ಅಂಥ ಕರೆಯ ಸಂಭಾಷಣೆಯನ್ನು ಪ್ರಧಾನಿಯವರು 2024ರ ಅಕ್ಟೋಬರಿನ ‘ಮನ್ ಕೀ ಬಾತ್’ನಲ್ಲಿ ಕೇಳಿಸಿದ್ದರು. ಇಂಥ ಮೋಸಗಳು ನಡೆಯುವ ಬಗೆಯನ್ನು ಗಮನಿಸಬೇಕು. ‘ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ, ಬಾಗಿಲು ಹಾಕಿಕೊಳ್ಳಿ’ ಎನ್ನುವುದು ಅವರ ಮೊದಲ ಆಜ್ಞೆ. ಒಂಟಿಯಾಗಿದ್ದವರನ್ನು ಮಾತ್ರ ಹೀಗೆ ಸುಲಿಯಬಹುದು. ಪಕ್ಕದ ಮನೆಯವರೊಬ್ಬರು ಒಳಗೆ ಬಂದು ‘ಯಾರದ ಫೋನು, ಕೊಡ್ರಿ ನೋಡತೀನಿ’ ಎಂದರೆ ಸಾಕು, ಆಟ ಮುಗಿಯುತ್ತದೆ. ಆಮೇಲೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು.

ತಂತ್ರಜ್ಞಾನವೆಂದರೆ ಫೋನು ಮಾತ್ರ ಅಲ್ಲ ಎಂಬುದನ್ನೂ ಹೇಳಬೇಕು. 2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ಪೂರ್ತಿಯಾಗಿ ಕಮಲಾಪುರಕ್ಕೂ ರೈಲು ಬಂತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣ ಕೊಡುವ ಅಗತ್ಯ ಇಲ್ಲವಾಯಿತು. ಅವ್ವನಿಗೆ ಜ್ವರ ಎಂದು ಕೇಳಿದ ಮಗಳು ಕೈಯಲ್ಲಿ ಕಾಸಿಲ್ಲದಿದ್ದರೂ ಬಸ್ಸು ಹತ್ತಿ ಸಂಜೆಯೊಳಗೆ ನೋಡಿ ಬರಬಹುದು. ಮಾತಿಗೆ ಫೋನು ಸಾಕು, ಹಣೆ ಮುಟ್ಟಿ ನೋಡಲು ಬಸ್ಸೇ ಬೇಕು. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜಿಲ್ಲೆಯ ಮಹಿಳಾ ಸಂಘಗಳು ಮಾಡುವ ಜೋಳದ ರೊಟ್ಟಿ ಈಗ ಆನ್‌ಲೈನ್‌ನಲ್ಲೂ ಸಿಗುತ್ತದೆ. ಅಲ್ಲಿಯೂ ಯಂತ್ರ ಮಾಡಿದ್ದು ಒಬ್ಬರ ಕೈಯಡುಗೆಯನ್ನು ಇನ್ನೊಬ್ಬರಿಗೆ ತಲುಪಿಸುವ ಕೆಲಸ, ಕೈಯನ್ನೇ ತೆಗೆದುಹಾಕುವ ಕೆಲಸವಲ್ಲ. ಇದೇ ಅಳತೆಗೋಲಿನಿಂದ ಬರಲಿರುವುದನ್ನೂ ಅಳೆಯಬಹುದು.

ನಡುವೆ ನಿಲ್ಲುವವರಿಗೆ ಜಾಗ ಆಗಲೇ ಇದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ‘ಅರಿವು ಕೇಂದ್ರ’ಗಳಾಗಿವೆ. ಐದು ಸಾವಿರಕ್ಕೂ ಹೆಚ್ಚು ಇವೆ, ಅವನ್ನು ನೋಡಿಕೊಳ್ಳಲು ಮೇಲ್ವಿಚಾರಕರು ಇದ್ದಾರೆ. ಮಾತಾಡುವ ಯಂತ್ರ ಹಳ್ಳಿಗೆ ಬರುವಾಗ ಪ್ರತಿ ಕೈಗೂ ಬರಲಿ, ಜೊತೆಗೆ ಅಲ್ಲಿಗೂ ಬರಲಿ. ಆಯಿ ಅಲ್ಲಿ ಕೂತು ಪಿಂಚಣಿಯ ಬಗ್ಗೆ ಕೇಳಲಿ, ಪಕ್ಕದಲ್ಲಿರುವವರು ಉತ್ತರ ಸರಿಯೋ ತಪ್ಪೋ ನೋಡಲಿ, ಮೋಸದ ಕರೆ ಬಂದವರು ಮೊದಲು ಅಲ್ಲಿಗೆ ಓಡಿ ಬರಲಿ. ಮೇಲ್ವಿಚಾರಕರಿಗೆ ಅದಕ್ಕೆ ತಕ್ಕ ತರಬೇತಿ, ತಕ್ಕ ಸಂಬಳ ಕೊಡಬೇಕು. ಐವತ್ತು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಒಂದು ಪೆಟ್ಟಿಗೆ, ಒಬ್ಬ ಮಾಸ್ತರು ಎಂಬ ಲೆಕ್ಕದಲ್ಲಿ ಮಾಡಿ ತೋರಿಸಿದ ಕೆಲಸ ಇದು. ಕಲಬುರಗಿ ಜಿಲ್ಲಾ ಪಂಚಾಯಿತಿ ಮೊದಲು ಕಮಲಾಪುರ ತಾಲ್ಲೂಕಿನಲ್ಲಿ ಇದನ್ನು ಶುರು ಮಾಡಬೇಕೆಂದು ನನ್ನ ಬೇಡಿಕೆ.

ಊರು ಬಿಟ್ಟು ದೂರ ಇರುವ ಓದುಗರಲ್ಲೂ ಒಂದು ವಿನಂತಿ ಇದೆ. ಅವ್ವ-ಅಪ್ಪನ ನಂಬರ್ ನಿಮ್ಮ ಬಳಿ ಇದ್ದೇ ಇರುತ್ತದೆ. ಅವರ ಪಕ್ಕದ ಮನೆಯವರ ನಂಬರನ್ನೂ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ, ಒಮ್ಮೆ ಅವರಿಗೂ ಫೋನ್ ಹಚ್ಚಿ ಮಾತಾಡಿ.