ಸಾಕಿದ ಮೇಲೆ



ಮೂವತ್ತು ವರ್ಷಗಳಿಗೂ ಮಿಕ್ಕು ಹಳಗನ್ನಡ ಕಾವ್ಯವನ್ನು ಪಾಠ ಹೇಳಿದ ನಾನು ಇಂದು ನಾಯಿ ಬೆಕ್ಕುಗಳ ಆರೋಗ್ಯವನ್ನು ಕುರಿತು ಮಾತನಾಡಲು ಹೊರಟಿರುವುದು ನಿಮಗೆ ಸೋಜಿಗವೆನಿಸಬಹುದು. ನಾನು ಪಶುವೈದ್ಯನಲ್ಲ. ಆದರೆ ಒಂದು ಬೆಕ್ಕಿನ ಸಾವಿಗೆ ಕಾರಣನಾದವನು. ಆ ಬಳಿಕ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಾಲ್ಕು ಜನರಿಗೆ ಹೇಳುವುದು ನನ್ನ ಪಾಲಿಗೆ ಒಂದು ಋಣಸಂದಾಯ.

ದಾವಣಗೆರೆಯ ನಮ್ಮ ಮನೆಯಲ್ಲಿ ಆಗ ಬೂದುಬಣ್ಣದ ಒಂದು ಬೆಕ್ಕಿತ್ತು. ಮೊಮ್ಮಗಳು ಅದನ್ನು ಪುಟ್ಟಿ ಎಂದು ಕರೆಯುತ್ತಿದ್ದಳು. ಮಳೆಗಾಲದ ಒಂದು ಸಂಜೆ ಪುಟ್ಟಿ ಊಟ ಬಿಟ್ಟು ಮೂಲೆ ಹಿಡಿಯಿತು. ಮುಟ್ಟಿ ನೋಡಿದೆ; ಮೈ ಬೆಚ್ಚಗಿತ್ತು. ಜ್ವರವೆಂದು ನಿಶ್ಚಯಿಸಿ, ನಮಗೆ ಜ್ವರ ಬಂದಾಗ ನುಂಗುವ ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಅರ್ಧವನ್ನು ಪುಡಿಮಾಡಿ, ಹಾಲಿನಲ್ಲಿ ಕದಡಿ, ಚಮಚದಿಂದ ಕುಡಿಸಿದೆ. ಬೆಳಗಾಗುವಷ್ಟರಲ್ಲಿ ಅದರ ಮುಖ ಊದಿತ್ತು, ಒಸಡು ಕಂದುಬಣ್ಣಕ್ಕೆ ತಿರುಗಿತ್ತು, ಏದುಸಿರು ಬಿಡುತ್ತಿತ್ತು. ಪಶುವೈದ್ಯರಲ್ಲಿಗೆ ಒಯ್ಯುವ ವೇಳೆಗೆ ಕಾಲ ಮೀರಿತ್ತು. "ಏನಾದರೂ ಔಷಧಿ ಕೊಟ್ಟಿದ್ದಿರಾ ಮೇಷ್ಟ್ರೇ?" ಎಂದು ಅವರು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮನುಷ್ಯನ ಯಕೃತ್ತು ಆ ಮಾತ್ರೆಯ ಅಂಶವನ್ನು ಪರಿವರ್ತಿಸಿ ನಿರಪಾಯಗೊಳಿಸುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರ ಕಡಿಮೆ. ಹಾಗೆ ಉಳಿದ ವಿಷವು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ಕೆಟ್ಟ ರಕ್ತವು ಪ್ರಾಣವಾಯುವನ್ನು ಹೊರಲಾರದು. ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಇನ್ನು ಮೈಯ ಬಿಸಿಯ ಮಾತು. ನಮ್ಮ ಮೈಶಾಖ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್ ಆದರೆ, ನಾಯಿ ಬೆಕ್ಕುಗಳದು ಸಹಜವಾಗಿಯೇ 100.5ರಿಂದ 102.5 ಡಿಗ್ರಿ. ಆರೋಗ್ಯವಾಗಿರುವ ಬೆಕ್ಕು ನಮ್ಮ ಕೈಗೆ ಬೆಚ್ಚಗೇ ಇರುತ್ತದೆ. ಪುಟ್ಟಿಗೆ ಅಂದು ಜ್ವರವಿತ್ತೋ ಇಲ್ಲವೋ, ಆ ದೇವರೇ ಬಲ್ಲ.

ನಾನು ಮಾಡಿದ್ದೆಲ್ಲ ಪ್ರೀತಿಯಿಂದಲೇ. ಆದರೆ ಆ ಪ್ರೀತಿ ಬೆಕ್ಕನ್ನು ಒಬ್ಬ ಪುಟ್ಟ ಮನುಷ್ಯನೆಂದು ಬಗೆದಿತ್ತು. ಸಾಕುಪ್ರಾಣಿಗಳ ವಿಷಯದಲ್ಲಿ ನಾವು ಮಾಡುವ ಅನೇಕ ತಪ್ಪುಗಳ ಬೇರು ಇಲ್ಲಿಯೇ ಇದೆ. ನಾಯಿ ಮನುಷ್ಯನಲ್ಲ, ಬೆಕ್ಕು ಚಿಕ್ಕ ನಾಯಿಯೂ ಅಲ್ಲ. ಉಣ್ಣಿ, ಉಣುಗು ಎಂದು ನಾವು ಕರೆಯುವ ರಕ್ತಹೀರುವ ಹುಳುಗಳನ್ನು ನಿವಾರಿಸಲು ನಾಯಿಯ ಮೈಗೆ ಹಚ್ಚುವ ಪರ್ಮೆಥ್ರಿನ್ ಎಂಬ ಔಷಧಿ ಬೆಕ್ಕಿಗೆ ವಿಷ. ಉಣ್ಣಿಗಳಿಂದ ನಾಯಿಗೆ ಮಾರಕ ಜ್ವರ ಬರುವುದರಿಂದ ಅವುಗಳನ್ನು ನಿವಾರಿಸುವುದೇನೋ ಅಗತ್ಯವೇ. ಆದರೆ ಯಾವ ಪ್ರಾಣಿಗೆ ಯಾವ ಮದ್ದು ಎಂಬುದನ್ನು ವೈದ್ಯರೇ ಹೇಳಬೇಕು.

ಆಹಾರದಲ್ಲಿಯೂ ಇದೇ ನ್ಯಾಯ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ನಮ್ಮ ಗಾದೆ ಅಮರಗೊಳಿಸಿದೆ. ಬೆಕ್ಕೆಂದರೆ ಹಾಲು ಎಂಬಷ್ಟು ಆ ನಂಟು ನಮ್ಮ ಮನಸ್ಸಿನಲ್ಲಿ ನೆಲೆಯೂರಿದೆ. ಆದರೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗದು; ಭೇದಿಯಾಗುತ್ತದೆ. ಬೆಕ್ಕು ಜನ್ಮತಃ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ತ್ವವನ್ನು ಅದರ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟ ಕೆಡುತ್ತದೆಂಬುದು 1975ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲಗೊಳ್ಳುತ್ತದೆಂಬುದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳ ಸಂಶೋಧನೆಯಿಂದ ಗೊತ್ತಾಯಿತು. ಹಾಲನ್ನ, ಮೊಸರನ್ನಗಳಿಂದಲೇ ಬೆಕ್ಕನ್ನು ಬದುಕಿಸುತ್ತೇವೆನ್ನುವುದು ಅದರ ಕಣ್ಣನ್ನೂ ಎದೆಯನ್ನೂ ಪಣಕ್ಕಿಟ್ಟಂತೆ. ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಇದೊಂದು ಧರ್ಮಸಂಕಟ. ಪುಟ್ಟಿಯ ತರುವಾಯ ಬಂದ ಬೆಕ್ಕಿಗಾಗಿ ನನ್ನ ಶ್ರೀಮತಿ ಒಂದು ದಾರಿ ಕಂಡುಕೊಂಡಳು. ಬೆಕ್ಕಿಗೆಂದೇ ಸಿದ್ಧಪಡಿಸಿದ ಆಹಾರದ ಪೊಟ್ಟಣ ಹಿತ್ತಿಲ ಮಾಡದಲ್ಲಿರುತ್ತದೆ. ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲ. "ಅದರ ಧರ್ಮ ಅದಕ್ಕೆ, ನಮ್ಮ ಧರ್ಮ ನಮಗೆ" ಎನ್ನುತ್ತಾಳೆ. ಈ ಸಮನ್ವಯ ನನಗೆ ಹೊಳೆದಿರಲಿಲ್ಲ.

ನಾಯಿಯ ಹೊಟ್ಟೆ ಇಷ್ಟು ಕಟ್ಟುನಿಟ್ಟಿನದಲ್ಲ. ಅನ್ನ, ಬೇಳೆ, ಮೊಟ್ಟೆಗಳನ್ನು ಅದು ಅರಗಿಸಿಕೊಳ್ಳಬಲ್ಲದು. ಆದರೆ ದಾವಣಗೆರೆಯವರಾದ ನಾವು ಒಂದು ಎಚ್ಚರ ವಹಿಸಬೇಕು. ಸಂಜೆ ಈರುಳ್ಳಿ ಹಚ್ಚಿಹಾಕಿದ ಮಂಡಕ್ಕಿ ತಿನ್ನುವಾಗ ನಾಯಿ ಎದುರು ಕುಳಿತು ಮುಖ ನೋಡುತ್ತದೆ. ಮನಸ್ಸು ತಡೆಯದೆ ಒಂದು ಹಿಡಿ ಹಾಕುತ್ತೇವೆ. ಬೆಣ್ಣೆದೋಸೆಯ ಜೊತೆಗಿನ ಪಲ್ಯವನ್ನೂ ಹಾಗೆಯೇ ಹಾಕುತ್ತೇವೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಚಾಕೊಲೇಟು ಅದರ ಹೃದಯಕ್ಕೆ ಕೇಡು.

ನಮ್ಮ ಊರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರು ಅಂಗಾಲಿನಲ್ಲಷ್ಟೇ. ನಾಲಿಗೆ ಚಾಚಿ ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ಉಪಾಯ. ತಗಡಿನ ಸೂರಿನಡಿ ಕಟ್ಟಿಹಾಕಿದ ನಾಯಿಗೆ, ಗಾಜು ಏರಿಸಿದ ಕಾರಿನೊಳಗೆ ಬಿಟ್ಟ ನಾಯಿಗೆ ಆ ಉಪಾಯವೂ ಸಾಲದು. ನೆರಳು, ಗಾಳಿ, ಸದಾ ತುಂಬಿರುವ ನೀರಿನ ಬಟ್ಟಲು, ಬಿಸಿಲೇರುವ ಮುನ್ನವೇ ಒಂದು ಸುತ್ತು ತಿರುಗಾಟ, ಇಷ್ಟನ್ನಾದರೂ ಒದಗಿಸಲಾಗದವರು ನಾಯಿಯನ್ನು ಸಾಕದಿರುವುದೇ ಲೇಸು. ತಿರುಗಾಟವೂ ಕೆಲಸವೂ ನಾಯಿಗೆ ಅನ್ನದಷ್ಟೇ ಮುಖ್ಯ. 2020ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಪೊಲೀಸ್ ಶ್ವಾನದಳದ 'ತುಂಗಾ' ಎಂಬ ಡಾಬರ್‌ಮನ್ ನಾಯಿ ಕೊಲೆಯೊಂದರ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿದ ಸುದ್ದಿಯನ್ನು ಓದಿದಾಗ, ಬೀದಿಬೀದಿಯಲ್ಲಿ ಗೇಟಿನ ಸರಪಳಿಗೆ ಬಿಗಿದ ನಾಯಿಗಳೇ ನನ್ನ ಕಣ್ಣ ಮುಂದೆ ಬಂದವು. ಅಂಥ ಓಟವನ್ನು ಮೈಯಲ್ಲಿ ಹೊತ್ತ ಜೀವಿಗೆ ಎರಡು ಗಜದ ಸರಪಳಿ!

ಇನ್ನು ನನ್ನ ಬಾಲ್ಯದ ಭಯವೊಂದನ್ನು ಹೇಳಬೇಕು. ನಾನು ಬೆಳೆದದ್ದು ಹರಿಹರದಲ್ಲಿ. ಕಿರ್ಲೋಸ್ಕರ್ ಕಾರ್ಖಾನೆ ಇನ್ನೂ ನಡೆಯುತ್ತಿದ್ದ ಕಾಲ. ನಾವೇ ಸಾಕಿದ್ದ ನಾಯಿಮರಿ ಒಂದು ದಿನ ನನ್ನಣ್ಣನನ್ನು ಕಚ್ಚಿತು. ನಾಲ್ಕೇ ದಿನಗಳಲ್ಲಿ ಸತ್ತಿತು. ಮನೆಯವರು ಮೊದಲು ಗಾಯಕ್ಕೆ ಸುಣ್ಣ ಮೆತ್ತಿದರು. ಆಮೇಲೆ ಹೊಕ್ಕುಳ ಸುತ್ತ ಹದಿನಾಲ್ಕು ದಿನ ಹದಿನಾಲ್ಕು ಸೂಜಿಮದ್ದು. ಅಮ್ಮ ಅವನನ್ನು ಕೈಹಿಡಿದು ಕರೆದೊಯ್ಯುವಾಗ ಬೀದಿಯ ತಿರುವಿನವರೆಗೂ ಕೇಳುತ್ತಿದ್ದ ಅವನ ಅಳು ಇಂದಿಗೂ ನನ್ನ ಕಿವಿಯಲ್ಲಿದೆ. ಅಣ್ಣ ಉಳಿದ.

ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು. ಇಂದು ತೋಳಿಗೆ ಕೊಡುವ ಕೆಲವೇ ಸೂಜಿಗಳು ಸಾಕು. ಆದರೂ ಲೂಯಿ ಪಾಶ್ಚರ್ 1885ರಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಲಸಿಕೆ ಕೊಟ್ಟಾಗ ನಿಜವಾಗಿದ್ದ ಒಂದು ಸಂಗತಿ ಇಂದೂ ನಿಜ: ರೇಬೀಸಿನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಆದ್ದರಿಂದ ನಾಯಿಗೂ ಬೆಕ್ಕಿಗೂ ಮೂರು ತಿಂಗಳು ತುಂಬಿದಾಗ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಬೇಕು. ಪ್ರಾಣಿ ಕಚ್ಚಿದರೆ ಸುಣ್ಣವೂ ಬೇಡ, ಖಾರದಪುಡಿಯೂ ಬೇಡ; ಹದಿನೈದು ನಿಮಿಷ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ರೋಗಾಣುವಿನ ಹೊರಹೊದಿಕೆ ಜಿಡ್ಡಿನದು. ಸಾಬೂನು ಅದನ್ನು ಕರಗಿಸುತ್ತದೆ.

ಮೂಕಪ್ರಾಣಿ ಎಂದು ನಾವು ಮರುಗುತ್ತೇವೆ. ನಿಜವಾಗಿ ಅವು ಮೂಕವಲ್ಲ. ನಮಗೆ ಅವುಗಳ ಲಿಪಿ ಬಾರದು, ಅಷ್ಟೆ. ಒಸಡು ತಿಳಿಗೆಂಪಾಗಿದೆಯೇ, ಬಿಳುಪೇರಿದೆಯೇ? ನಿದ್ರೆಯಲ್ಲಿ ಉಸಿರಾಟ ನಿಮಿಷಕ್ಕೆ ಮೂವತ್ತನ್ನು ಮೀರುತ್ತಿದೆಯೇ? ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕಿದರೂ ಮೂತ್ರ ಬಾರದಿದೆಯೇ? ಹಾಗಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ. ಅದೇ ದಿನ ವೈದ್ಯರಿಗೆ ತೋರಿಸಬೇಕು. ಈ ಅಕ್ಷರಗಳನ್ನು ಕಲಿಯಲು ವಿಶ್ವವಿದ್ಯಾನಿಲಯ ಬೇಡ. ದಿನಕ್ಕೆ ಐದು ನಿಮಿಷದ ನೋಟ ಸಾಕು.

ಹರಿಹರದಿಂದ ಹೊಳೆ ದಾಟಿ ಹೋದರೆ ರಾಣೆಬೆನ್ನೂರು ಸೀಮೆಯಲ್ಲಿ ಮೈಲಾರಲಿಂಗನ ದೇವರಗುಡ್ಡವಿದೆ. ಕರಿಯ ಕಂಬಳಿ ಹೊದ್ದ ಗೊರವರು ತಾವು ಮೈಲಾರನ ನಾಯಿಗಳೆಂದು ಬಗೆದು, ದೋಣಿಯೊಳಗಿನ ಎಡೆಗೆ ಬಾಯಿಹಚ್ಚಿ, ಬೊಗಳುತ್ತ ಉಣ್ಣುವುದನ್ನು ಚಿಕ್ಕಂದಿನಲ್ಲಿ ಕಂಡು ನಕ್ಕಿದ್ದೆ. ಇಂದು ನಗು ಬಾರದು. ನಾವು ನಾಯಿಯನ್ನು ಮನುಷ್ಯನನ್ನಾಗಿಸಹೊರಡುತ್ತೇವೆ. ಆ ಭಕ್ತನೋ ತಾನೇ ಬಾಗಿ, ಗಳಿಗೆಯ ಮಟ್ಟಿಗಾದರೂ ನಾಯಿಯಾಗುತ್ತಾನೆ. ಆ ಸಂಜೆ ನಾನು ಅಷ್ಟು ಬಾಗಿ ಪುಟ್ಟಿಯ ಮೂಲೆಯಿಂದ ನೋಡಿದ್ದರೆ, ಮಾತ್ರೆಗೆ ಕೈಹಾಕುವ ಮುನ್ನ ಒಬ್ಬರನ್ನಾದರೂ ಕೇಳುತ್ತಿದ್ದೆ.

ನೀವು ಕೇಳಿರಿ.