ಕೊಯ್ದ ಹೂವಿನ ಪರಿಮಳವನ್ನು ಕಾಯುವ ಬಗೆ

ಸಿಂದಗಿ ತಾಲೂಕಿನಲ್ಲಿ ನೀರಿನ ಆಸರೆಯುಳ್ಳ ಹೊಲಗಳಲ್ಲಿ ಹೂವು ಬೆಳೆಯುವವರು, ತಮ್ಮ ಮಾಲು ವಿಜಯಪುರದ ಪೇಟೆಯನ್ನು ಮುಟ್ಟುವಷ್ಟರಲ್ಲಿ ಕಂಪುಗೆಡುವದೆಂದು ದೂರುವದುಂಟು. ದಾರಿಯು ಸುಮಾರು 60 ಕಿಲೋಮೀಟರ. ಬೇಸಿಗೆಯ ಬಿಸಿಲು 40 ಅಂಶದ ಸುತ್ತು. ವಾಸನೆಯಿಲ್ಲದ ಮಲ್ಲಿಗೆಯನ್ನು ಕೊಳ್ಳುವವರಾರು? ವರುಷದ ದುಡಿತವು ಒಂದು ಹೊತ್ತಿನ ಅಲಕ್ಷ್ಯದಿಂದ ಹಾಳಾಗುವದು.

ಪರಿಮಳವೆಂಬುದು ದಳಗಳಲ್ಲಿ ಹುಟ್ಟಿ ಗಾಳಿಯಲ್ಲಿ ಹಾರಿಹೋಗುವ ಸೂಕ್ಷ್ಮ ತೈಲವು. ಮಲ್ಲಿಗೆಯ ಮೊಗ್ಗು ಕೊಯ್ದ ಮೇಲೆಯೂ ಜೀವದಿಂದಿದ್ದು, ಸಂಜೆಗೆ ಅರಳುವಾಗಲೇ ಕಂಪನ್ನು ಬೀರುವದು. ಆದ್ದರಿಂದ ಬಲಿತು ಬೆಳ್ಳಗಾದ, ಆದರೆ ಬಿರಿಯದ ಮೊಗ್ಗನ್ನು ನಸುಕಿನಲ್ಲಿಯೇ ಬಿಡಿಸತಕ್ಕದ್ದು. ಗುಲಾಬಿಯ ರೀತಿ ಬೇರೆ. ಅದರ ತೈಲವು ಬಿಸಿಲೇರಿದಂತೆ ಕಡಿಮೆಯಾಗುವದರಿಂದ, ಅತ್ತರಿಗಾಗಿ ಬೆಳೆಯುವವರು ಆಗತಾನೆ ಅರಳಿದ ಹೂವನ್ನು ಸೂರ್ಯೋದಯದ ಸುಮಾರಿಗೆ ಕೊಯ್ಯುವರು. ಸುಗಂಧರಾಜದಲ್ಲಿ ಒಂಟಿಸುತ್ತಿನ ಜಾತಿಗೆ ಜೋಡುಸುತ್ತಿನದಕ್ಕಿಂತ ಕಂಪು ಹೆಚ್ಚು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹೊರತಂದ ‘ಶೃಂಗಾರ’, ‘ಪ್ರಜ್ವಲ’ ತಳಿಗಳು ಒಂಟಿಸುತ್ತಿನವು.

ಕೊಯ್ದ ಹೂವನ್ನು ರಾಶಿ ಹಾಕಬಾರದು. ಒಳಗೆ ಕಾವು ಹುಟ್ಟಿ ದಳಗಳು ಕಂದುವವು. ನೆರಳಿನಲ್ಲಿ ತೆಳುವಾಗಿ ಹರವಿ, ತಣಿದ ಬಳಿಕ, ಬಾಳೆಯೆಲೆ ಹಾಸಿದ ಬಿದಿರುಬುಟ್ಟಿಯಲ್ಲಿ ಹಗುರವಾಗಿ ತುಂಬಿ, ಮೇಲೆ ಹಿಂಡಿದ ಹಸೀ ಅರಿವೆಯನ್ನು ಹೊದಿಸಬೇಕು. ತೂಕಕ್ಕೆಂದು ನೀರು ಸುರಿದರೆ ಹೂವು ಕೊಳೆಯುವದು. ಹಣ್ಣಾದ ಬಾಳೆ, ಮಾವುಗಳ ಬುಟ್ಟಿಯನ್ನು ಹತ್ತಿರ ಇಡಲಾಗದು. ಅವುಗಳಿಂದ ಹೊರಡುವ ಎಥಿಲೀನ ವಾಯುವು ಹೂವನ್ನು ಬೇಗನೆ ಬಾಡಿಸುವದು. ಸುಗಂಧರಾಜದ ದಂಟುಗಳನ್ನಾದರೆ ತುದಿಯನ್ನು ಓರೆಯಾಗಿ ಕೊಯ್ದು, ಲೀಟರ ನೀರಿಗೆ 20 ಗ್ರಾಮ ಸಕ್ಕರೆ ಮತ್ತು ತುಸು ನಿಂಬೆರಸ ಕೂಡಿಸಿದ ಪಾತ್ರೆಯಲ್ಲಿ ನಿಲ್ಲಿಸಿದರೆ ಮೇಲಿನ ಮೊಗ್ಗುಗಳೂ ಅರಳುವವು. ಆ ನೀರನ್ನು ದಿನಾಲು ಬದಲಿಸತಕ್ಕದ್ದು. ಬಾಡಿದ ಹೂವಿಗೆ ಅತ್ತರು ಸಿಂಪಡಿಸಿ ಮಾರುವದು ವಂಚನೆಯು. ಒಮ್ಮೆ ಮೋಸಹೋದ ಗಿರಾಕಿಯು ಮರಳಿ ಬರಲಾರನು.

ಮಾರದೆ ಉಳಿದ ತಾಜಾ ಮಲ್ಲಿಗೆಯನ್ನೂ ತಿಪ್ಪೆಗೆ ಚೆಲ್ಲಬೇಕಾಗಿಲ್ಲ. ಉತ್ತರ ಹಿಂದುಸ್ಥಾನದಲ್ಲಿ ಹಿಂದಿನಿಂದಲೂ ಸ್ವಚ್ಛ ಎಳ್ಳು ಮತ್ತು ಹೂವುಗಳನ್ನು ಪದರುಪದರಾಗಿ ಹರವಿ, ಹೂವನ್ನು ಮೇಲಿಂದ ಮೇಲೆ ಬದಲಿಸಿ, ಕಂಪನ್ನು ಹೀರಿದ ಎಳ್ಳನ್ನು ಗಾಣಕ್ಕೆ ಹಾಕಿ ಪರಿಮಳದ ಎಣ್ಣೆಯನ್ನು ತೆಗೆಯುವರು. ಎಳ್ಳು ನಮ್ಮ ಸೀಮೆಗೆ ಹೊಸದಲ್ಲ.

ಗ್ರಾಮದ ಹಿರಿಯರು ಮನಸ್ಸು ಮಾಡಿ ಬಸ್ಸು ನಿಲ್ಲುವಲ್ಲಿ ಒಂದು ನೆರಳಿನ ಚಪ್ಪರವನ್ನು ಹಾಕಿಸಿ, ಎಲ್ಲರ ಬುಟ್ಟಿಗಳೂ ಬೆಳಗಿನ ಮೊದಲ ಬಂಡಿಗೆ ಒಟ್ಟಾಗಿ ಹೋಗುವ ಏರ್ಪಾಡು ಮಾಡಿಸಿದರೆ, ಸಣ್ಣ ಹಿಡುವಳಿಯವರ ಹೂವಿಗೂ ಯೋಗ್ಯ ಬೆಲೆ ದೊರೆಯುವದು.